ಎಲ್ಲಿ ಸುಳ್ಳು ಹೇಳಬೇಕು: ಯುದ್ಧನೌಕೆ ಮಾದರಿಗಳ ಕಿರುಭಾಗಗಳ ಬಗ್ಗೆ

(ಹವ್ಯಾಸಿ ಮಾದರಿಕಾರರ ಮುಂದೆ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳ ಜಾಗದಲ್ಲಿ ಒಂದೆರಡು ವಾಕ್ಯ ಸೇರಿಸಿದ್ದೇನೆ, ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಲೆಕ್ಕ ಮಾಡಿಬಿಡೋಣ. ಜಪಾನಿನ ಯಮಾಟೊ ಯುದ್ಧನೌಕೆಯ ಉದ್ದ 263 ಮೀಟರ್. 1/700 ಪ್ರಮಾಣದಲ್ಲಿ ಅದು ಸುಮಾರು 37.6 ಸೆಂ.ಮೀ. ಆಗುತ್ತದೆ, ಅಂದರೆ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕಿಂತಲೂ ಕಡಿಮೆ. ಅದರ ಮುಖ್ಯ ಫಿರಂಗಿಯ ಬಾಯಿ 46 ಸೆಂ.ಮೀ. ಮಾದರಿಯಲ್ಲಿ 0.66 ಮಿ.ಮೀ. ಇದನ್ನು ಸಣ್ಣ ಡ್ರಿಲ್ ಹಿಡಿದು ಕೊರೆಯಬಹುದು, ಕಷ್ಟವೇನಿಲ್ಲ. ಅದೇ ಹಡಗಿನ ವಿಮಾನ ನಿರೋಧಕ ಬಂದೂಕುಗಳ ಬಾಯಿ 25 ಮಿ.ಮೀ. ಮಾದರಿಯಲ್ಲಿ ಅದು 0.036 ಮಿ.ಮೀ. ತಲೆಗೂದಲಿಗೆ ತೂತು ಕೊರೆಯುವ ಕೆಲಸ. ಡೆಕ್ಕಿನ ಅಂಚಿನ ಕಂಬಿಸಾಲು ಸುಮಾರು ಒಂದು ಮೀಟರ್ ಎತ್ತರ ಇರುತ್ತದೆ, ಅದಕ್ಕೆ ಕಟ್ಟುವ ಉಕ್ಕಿನ ಹಗ್ಗ ಹೆಚ್ಚುಕಡಿಮೆ ಬೆರಳು ದಪ್ಪ, 10 ಮಿ.ಮೀ. ಅಂತಿಟ್ಟುಕೊಳ್ಳಿ. 1/700ರಲ್ಲಿ ಎತ್ತರ 1.4 ಮಿ.ಮೀ., ಹಗ್ಗ 0.014 ಮಿ.ಮೀ. ಎತ್ತರವನ್ನು ಮಾಡಬಹುದು. ಹಗ್ಗವನ್ನು ಮಾಡಿದರೂ ಉಸಿರು ಬಿಟ್ಟರೆ ಹಾರಿಹೋಗುತ್ತದೆ.

ಹೀಗಾಗಿ "ಪ್ರಮಾಣಕ್ಕೆ ಸರಿಯಾಗಿ" ಎನ್ನುವುದು ಕಿರುಭಾಗಗಳ ಮಟ್ಟಿಗೆ ಆಗದ ಮಾತು. ನಾವು ಮಾಡುವ ಪ್ರತಿಯೊಂದು ಕಂಬಿ, ಏಣಿ, ರೇಡಾರ್ ಜಾಲರಿ ನಿಜಕ್ಕಿಂತ ದಪ್ಪವೇ. ಸುಳ್ಳು ಹೇಳುವುದು ಅನಿವಾರ್ಯ. ಯಾವ ಸುಳ್ಳು ಸಿಕ್ಕಿಬೀಳುತ್ತದೆ, ಯಾವುದು ಸಿಕ್ಕಿಬೀಳುವುದಿಲ್ಲ ಎಂದು ತಿಳಿದಿರಬೇಕು, ಅಷ್ಟೇ. ಇವತ್ತು ಮುಕ್ಕಾಲು ಪಾಲು ಅದರ ಬಗ್ಗೆಯೇ ಮಾತಾಡುತ್ತೇನೆ.

ತೀರ್ಪು ಕೊಡುವುದು ಕಣ್ಣು. ಆದ್ದರಿಂದ ಅದರ ಮಿತಿ ಗೊತ್ತಿರಬೇಕು. ಒಳ್ಳೆಯ ದೃಷ್ಟಿಯಿದ್ದವರು ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಅಂತರವನ್ನು ಬಿಡಿಸಿ ನೋಡಬಲ್ಲರು. 30 ಸೆಂ.ಮೀ. ದೂರದಿಂದ ನೋಡಿದಾಗ ಇದು ಸುಮಾರು 0.09 ಮಿ.ಮೀ. ಎರಡು ಗೆರೆಗಳ ನಡುವೆ ಇದಕ್ಕಿಂತ ಕಡಿಮೆ ಜಾಗವಿದ್ದರೆ ಅವು ಒಂದೇ ಗೆರೆಯಾಗಿ ಕಾಣುತ್ತವೆ. ಆದರೆ ಇಲ್ಲಿ ಒಂದು ಸ್ವಾರಸ್ಯವಿದೆ. ಬೆಳಕಿನ ಹಿನ್ನೆಲೆಯಲ್ಲಿ ನಿಂತ ಒಂಟಿ ಕಪ್ಪು ಗೆರೆ ಅದಕ್ಕಿಂತ ಎಷ್ಟೋ ತೆಳುವಾಗಿದ್ದರೂ ಕಾಣುತ್ತದೆ. ದೂರದ ವಿದ್ಯುತ್ ತಂತಿ ಆಕಾಶದಲ್ಲಿ ಕಾಣುವುದು ಇದೇ ಕಾರಣಕ್ಕೆ. ಗೆರೆ ಇದೆಯೇ ಎಂದು ಪತ್ತೆಹಚ್ಚುವುದು ಒಂದು, ಎರಡು ಗೆರೆ ಬೇರೆ ಬೇರೆ ಎಂದು ಬಿಡಿಸುವುದು ಇನ್ನೊಂದು.

ಇದರಿಂದ ನಮಗೆ ಸಿಗುವ ಪಾಠ ನೇರವಾಗಿದೆ. ಮಸ್ತಿನಿಂದ ಮಸ್ತಿಗೆ, ಅಂದರೆ ಹಡಗಿನ ಎತ್ತರದ ಕಂಬದಿಂದ ಕಂಬಕ್ಕೆ, ಎಳೆದ ಆಂಟೆನಾ ತಂತಿ "ಕಣ್ಣಿಗೆ ಕಾಣದಷ್ಟು ಸಣ್ಣದು, ಬಿಡೋಣ" ಎನ್ನುವ ಹಾಗಿಲ್ಲ, ಅದು ಕಂಡೇ ಕಾಣುತ್ತದೆ. ಇತ್ತ 25 ಮಿ.ಮೀ. ಬಂದೂಕಿನ ಬಾಯಿಯ ತೂತನ್ನು ಧಾರಾಳವಾಗಿ ಬಿಡಬಹುದು. ಕಂಬಿಸಾಲಿನಲ್ಲಿ ಮೂರು ಹಗ್ಗಗಳಿದ್ದರೆ ಮೂರೂ ಇರಬೇಕು, ನಡುವಿನ ಖಾಲಿ ಜಾಗ ಸರಿಯಾಗಿರಬೇಕು, ಎತ್ತರ ಸರಿಯಾಗಿರಬೇಕು. ದಪ್ಪ ನಿಜಕ್ಕಿಂತ ನಾಲ್ಕು ಪಟ್ಟಿದ್ದರೂ ಕಣ್ಣು ಕ್ಷಮಿಸುತ್ತದೆ. ಜಾಗ ಕಟ್ಟಿಕೊಂಡರೆ ಕ್ಷಮಿಸುವುದಿಲ್ಲ. ಏಣಿಯೂ ಹಾಗೆಯೇ: ಮೆಟ್ಟಿಲ ಅಂತರ ಸುಮಾರು 30 ಸೆಂ.ಮೀ., 1/700ರಲ್ಲಿ 0.43 ಮಿ.ಮೀ. ಕಣ್ಣಿನ ಮಿತಿಗಿಂತ ಇದು ತುಂಬ ದೊಡ್ಡದು, ಆದ್ದರಿಂದ ಮೆಟ್ಟಿಲುಗಳ ನಡುವೆ ಬೆಳಕು ಹಾಯಬೇಕು. ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಗೋಡೆಗೆ ಅಂಟಿದಂತೆ ಉಬ್ಬಿಸಿರುವ ಏಣಿಗಳು ಮೋಸ ಅನ್ನಿಸುವುದಕ್ಕೆ ಅವುಗಳ ದಪ್ಪಕ್ಕಿಂತ ಈ ಬೆಳಕಿಲ್ಲದಿರುವುದೇ ಕಾರಣ.

ಇನ್ನು ವಿಧಾನಗಳಿಗೆ ಬರುತ್ತೇನೆ. ಚಪ್ಪಟೆಯಾಗಿದ್ದು ತೂತುಗಳಿರುವುದೆಲ್ಲ ಎಚ್ಚಿಂಗ್‌ಗೆ (ಲೋಹದ ಹಾಳೆಯನ್ನು ಆಸಿಡ್‌ನಲ್ಲಿ ಕರಗಿಸಿ ಆಕಾರ ಕೊಡುವುದು), ದುಂಡಗೆ ಉದ್ದವಾಗಿರುವುದು ಲೇತ್‌ಗೆ (ತಿರುಗಿಸಿ ಕೆರೆಯುವ ಯಂತ್ರ), ಉಬ್ಬುತಗ್ಗು ತುಂಬಿದ ಗಟ್ಟಿ ವಸ್ತುಗಳು 3ಡಿ ಪ್ರಿಂಟರ್‌ಗೆ ಅಥವಾ ರೆಸಿನ್ (ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಎರಕಕ್ಕೆ. ಇಷ್ಟು ಎಲ್ಲರೂ ಹೇಳುತ್ತಾರೆ, ತಪ್ಪೇನಿಲ್ಲ. ನಾನು ಸೇರಿಸುವುದು ಒಂದೇ: ಪ್ರತಿ ವಿಧಾನವೂ ಒಂದು ಗೊತ್ತಾದ ದಿಕ್ಕಿಗೆ ತಪ್ಪುತ್ತದೆ. ಆಸಿಡ್ ತೂತನ್ನು ಹಿಗ್ಗಿಸುತ್ತದೆ, ಪ್ರಿಂಟರಿನ ಬೆಳಕು ತೂತನ್ನು ಮುಚ್ಚುತ್ತದೆ, ರಬ್ಬರ್ ಅಚ್ಚು ಕುಗ್ಗುತ್ತದೆ. ಈ ತಪ್ಪನ್ನು ಮೊದಲೇ ಎಣಿಸಿ ಅದರ ಉಲ್ಟಾ ದಿಕ್ಕಿಗೆ ಚಿತ್ರ ಬರೆಯುವವನೇ ಒಳ್ಳೆಯ ಭಾಗ ಮಾಡುತ್ತಾನೆ.

ಎಚ್ಚಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡುತ್ತೇನೆ, ಏಕೆಂದರೆ ಹಡಗಿನ ಮಾದರಿಗಳ ಚಹರೆಯನ್ನೇ ಬದಲಿಸಿದ್ದು ಅದು. ತೆಳ್ಳನೆಯ ಹಿತ್ತಾಳೆ ಹಾಳೆ, ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಅದರ ಎರಡೂ ಮುಖಕ್ಕೆ ಬೆಳಕಿಗೆ ಗಟ್ಟಿಯಾಗುವ ಫಿಲ್ಮ್ ಅಂಟಿಸುತ್ತೀರಿ. ಅದರ ಮೇಲೆ ನಿಮ್ಮ ಚಿತ್ರ ಅಚ್ಚಾದ ಪಾರದರ್ಶಕ ಹಾಳೆ, ಮುಂದೊಂದು, ಹಿಂದೊಂದು. ಅತಿನೇರಳೆ ಬೆಳಕು ಬಿದ್ದ ಕಡೆ ಫಿಲ್ಮ್ ಗಟ್ಟಿಯಾಗಿ ನಿಲ್ಲುತ್ತದೆ, ಕಪ್ಪು ಮುಚ್ಚಿದ ಕಡೆ ಮೆತ್ತಗೆ ಉಳಿಯುತ್ತದೆ. ತೆಳುವಾದ ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದರೆ ಮೆತ್ತಗಿದ್ದದ್ದು ಹೋಗಿ ಅಲ್ಲಿ ಬರಿಯ ಲೋಹ ಕಾಣುತ್ತದೆ. ಆಮೇಲೆ ಫೆರಿಕ್ ಕ್ಲೋರೈಡ್ ದ್ರಾವಣ. ಬರಿಯ ಲೋಹ ಕರಗುತ್ತದೆ, ಮುಚ್ಚಿದ್ದು ಉಳಿಯುತ್ತದೆ.

ಎರಡೂ ಬದಿಯಲ್ಲಿ ಕಪ್ಪಿದ್ದ ಕಡೆ ಆಸಿಡ್ ಎರಡೂ ಬದಿಯಿಂದ ತಿಂದು ನಡುವಲ್ಲಿ ಸೇರುತ್ತದೆ, ತೂತಾಗುತ್ತದೆ. ಒಂದೇ ಬದಿಯಲ್ಲಿ ಕಪ್ಪಿದ್ದರೆ ಅರ್ಧ ದಪ್ಪ ಮಾತ್ರ ಹೋಗುತ್ತದೆ. ಈ ಅರ್ಧ ಎಚ್ಚಿಂಗ್ ಇದೆಯಲ್ಲ, ಇಡೀ ತಂತ್ರದ ಜಾಣತನ ಅಲ್ಲಿದೆ. ಮಡಚುವ ಗೆರೆ, ಬಾಗಿಲ ಚೌಕಟ್ಟು, ಹಲಗೆಯ ಸಂದು, ರೇಡಾರ್ ಜಾಲರಿಯ ಹಿಂದಿನ ತೆಳು ಅಡ್ಡಪಟ್ಟಿ, ಎಲ್ಲವೂ ಅದರಿಂದಲೇ. ಮಡಚುವಾಗ ಗೆರೆ ಒಳಮಗ್ಗುಲಿಗೆ ಬರಬೇಕು. ಹೊರಗಿಟ್ಟು ಮಡಚಿದರೆ ಉಳಿದ ತೆಳು ಲೋಹ ಬಿರಿಯುತ್ತದೆ.

ಈಗ ಆ ತಪ್ಪಿನ ದಿಕ್ಕು. ಆಸಿಡ್ ಕೆಳಕ್ಕಷ್ಟೇ ಇಳಿಯುವುದಿಲ್ಲ, ಪಕ್ಕಕ್ಕೂ ತಿನ್ನುತ್ತದೆ, ಫಿಲ್ಮಿನ ಅಡಿಗೆ ನುಗ್ಗುತ್ತದೆ. ಚಿತ್ರದಲ್ಲಿ 0.10 ಮಿ.ಮೀ. ಬರೆದ ಕಂಬಿ ಹೊರಬರುವಾಗ ಅದಕ್ಕಿಂತ ಸಣಕಲಾಗಿರುತ್ತದೆ, ತೂತು ದೊಡ್ಡದಾಗಿರುತ್ತದೆ. ಆದ್ದರಿಂದ ಕಂಬಿಯನ್ನು ದಪ್ಪಗೆ, ತೂತನ್ನು ಚಿಕ್ಕದಾಗಿ ಬರೆಯಬೇಕು. ಎಷ್ಟು ಎನ್ನುವುದು ಹಾಳೆಯ ದಪ್ಪ, ದ್ರಾವಣದ ಬಿಸಿ, ಅದನ್ನು ಸಿಂಪಡಿಸುತ್ತೀರೋ ತಟ್ಟೆಯಲ್ಲಿ ಅಲ್ಲಾಡಿಸುತ್ತೀರೋ ಎಂಬುದರ ಮೇಲೆ ನಿಂತಿದೆ. ಯಾರೋ ಕೊಟ್ಟ ಅಂಕಿ ನಿಮ್ಮ ತಟ್ಟೆಗೆ ಹೊಂದುವುದಿಲ್ಲ. ಬೇರೆ ಬೇರೆ ಅಗಲದ ಗೆರೆಗಳ ಒಂದು ಪರೀಕ್ಷಾ ತುಂಡನ್ನು ಮೊದಲು ಇಳಿಸಿ, ಅಳೆದು, ಆಮೇಲೆ ಚಿತ್ರ ತಿದ್ದಿ.

ಇದರ ಇನ್ನೊಂದು ಪರಿಣಾಮ ಬಹಳ ಮಂದಿಗೆ ಹೊಳೆಯುವುದಿಲ್ಲ. ಸೀಳಿನ ಅಗಲ ಹಾಳೆಯ ದಪ್ಪಕ್ಕಿಂತ ತುಂಬ ಕಡಿಮೆ ಇರಲು ಸಾಧ್ಯವಿಲ್ಲ, ಏಕೆಂದರೆ ನಡುವಿಗೆ ತಲುಪುವ ಹೊತ್ತಿಗೆ ಆಸಿಡ್ ಪಕ್ಕಕ್ಕೂ ಅಷ್ಟು ತಿಂದಿರುತ್ತದೆ. ಸಣ್ಣ ಜಾಲರಿ ಬೇಕೆಂದರೆ ತೆಳು ಹಾಳೆಯೇ ಬೇಕು. ಹಾಳೆ ತೆಳುವಾದಷ್ಟೂ ಕಂಬಿ ಬೆರಳು ತಾಕಿದರೆ ಬಾಗುತ್ತದೆ. ಈ ಜಗಳಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಒಂದು ಉತ್ತರ. ತೆಳುವಾಗಿದ್ದರೂ ನೆಟ್ಟಗೆ ನಿಲ್ಲುತ್ತದೆ. ಆದರೆ ಡೆಕ್ಕಿನ ಬಾಗುವಿಕೆಗೆ ತಕ್ಕಂತೆ ಅದನ್ನು ಒಲಿಸುವುದು ಸಾಹಸ, ಬಗ್ಗಿಸಿದರೆ ಪುಟಿದೆದ್ದು ಮೊದಲಿನಂತಾಗುತ್ತದೆ. ಕ್ರೇನ್, ಹಡಗಿನಿಂದ ವಿಮಾನ ಹಾರಿಸುವ ಕವಣೆಯಂತ್ರ, ಜಾಲರಿ ಮಸ್ತುಗಳಿಗೆ ಸ್ಟೀಲ್, ಕಂಬಿಸಾಲಿಗೆ ಹಿತ್ತಾಳೆ ಎಂಬುದು ನನ್ನ ಪಕ್ಷ. ಹಿತ್ತಾಳೆಯನ್ನು ದೀಪದ ಉರಿಯ ಮೇಲೆ ಒಮ್ಮೆ ಹಾಯಿಸಿದರೆ ಇನ್ನೂ ಮೆತ್ತಗಾಗುತ್ತದೆ. ತೀರಾ ಕಾಸಿದರೆ ಮುದುಡಿದ ಕಾಗದದಂತಾಗುತ್ತದೆ, ಅದೂ ನೆನಪಿರಲಿ.

ಬಳಸಿದ ದ್ರಾವಣವನ್ನು ಚರಂಡಿಗೆ ಸುರಿಯಬೇಡಿ. ಅದರಲ್ಲಿ ಕರಗಿದ ತಾಮ್ರ ಇರುತ್ತದೆ, ನೀರಿನ ಜೀವಿಗಳಿಗೆ ಅದು ವಿಷ. ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೇ ಒಪ್ಪಿಸಬೇಕು. ಮನೆಯಲ್ಲಿ ಅಷ್ಟೆಲ್ಲ ರಗಳೆ ಬೇಡ ಎನ್ನುವವರು ಚಿತ್ರವನ್ನು ಮಾತ್ರ ತಾವು ಬರೆದು ಎಚ್ಚಿಂಗ್ ಮಾಡಿಕೊಡುವ ಕಾರ್ಖಾನೆಗೆ ಕಳಿಸಬಹುದು. ಅದರಲ್ಲಿ ಕೀಳರಿಮೆ ಏನೂ ಬೇಡ, ಕೆಲಸದ ತಿರುಳು ಚಿತ್ರದಲ್ಲೇ ಇದೆ.

ಎಚ್ಚಿಂಗ್‌ನ ದೌರ್ಬಲ್ಯ ಎಲ್ಲರಿಗೂ ಗೊತ್ತು: ಅದು ಚಪ್ಪಟೆ. ಎಚ್ಚಿಂಗ್ ಮಾಡಿದ ಬಂದೂಕಿನ ನಳಿಗೆ ಮುಂದಿನಿಂದ ನೋಡಿದರೆ ಪಟ್ಟಿಯಂತೆ ಕಾಣುತ್ತದೆ. ದುಂಡಗಿನದಕ್ಕೆ ಲೇತ್ ಬೇಕು. ಹಿತ್ತಾಳೆ ಕಡ್ಡಿಯಿಂದ ಒಂದು ಮಿಲಿಮೀಟರಿಗಿಂತ ಸಣ್ಣ ನಳಿಗೆ ತಿರುವುವಾಗ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಕೆರೆಯುತ್ತ ಹೋದರೆ ಕಡ್ಡಿ ಉಳಿಯ ಒತ್ತಡಕ್ಕೆ ಬಾಗಿ ತಪ್ಪಿಸಿಕೊಳ್ಳುತ್ತದೆ. ತುದಿಯಿಂದ ಶುರುಮಾಡಿ, ಸಣ್ಣ ಸಣ್ಣ ತುಂಡುಗಳಲ್ಲಿ, ಒಂದೇ ಸಲಕ್ಕೆ ಪೂರ್ತಿ ಆಳಕ್ಕೆ ಇಳಿಸಬೇಕು. ಹಾಗೆ ಮಾಡಿದರೆ ಹಿಂದಿರುವ ದಪ್ಪ ಕಡ್ಡಿಯೇ ಆಸರೆಯಾಗುತ್ತದೆ. ಲೇತ್ ಇಲ್ಲದವರಿಗೆ ಇಂಜೆಕ್ಷನ್ ಸೂಜಿಯ ಕೊಳವೆ ಇದೆ, ಒಂದರೊಳಗೊಂದು ತೂರುವ ಸಣ್ಣ ಹಿತ್ತಾಳೆ ಕೊಳವೆಗಳಿವೆ. ನಳಿಗೆ ಟರೆಟ್‌ಗೆ, ಅಂದರೆ ಫಿರಂಗಿ ಹೊತ್ತು ತಿರುಗುವ ಗೂಡಿಗೆ, ಸೇರುವ ಜಾಗದ ಕ್ಯಾನ್ವಾಸ್ ಮುಸುಕನ್ನು ಎಪಾಕ್ಸಿ ಪುಟ್ಟಿಯಲ್ಲಿ ಒತ್ತಿ, ಒದ್ದೆ ಸೂಜಿಯಿಂದ ನಿರಿಗೆ ಎಳೆದರೆ ಸಾಕು.

3ಡಿ ಪ್ರಿಂಟಿಂಗ್ ಬಂದ ಮೇಲೆ ಹಳೆಯ ವಿಧಾನಗಳ ಕಥೆ ಮುಗಿಯಿತು ಎನ್ನುವವರಿದ್ದಾರೆ. ಅರ್ಧ ನಿಜ. ಬೆಳಕಿನಿಂದ ರೆಸಿನ್ ಗಟ್ಟಿಮಾಡಿ ಪದರ ಪದರವಾಗಿ ವಸ್ತು ಕಟ್ಟುವ ತಂತ್ರಕ್ಕೆ ಅಮೆರಿಕದ ಚಕ್ ಹಲ್ ಪೇಟೆಂಟ್ ಪಡೆದದ್ದು 1986ರಲ್ಲಿ. ಮೇಜಿನ ಮೇಲೆ ಕೂರುವ ಎಲ್‌ಸಿಡಿ ಪರದೆಯ ಪ್ರಿಂಟರ್‌ಗಳು ಬಂದಮೇಲೆ ಅದು ನಮ್ಮ ಕೈಗೆ ಸಿಕ್ಕಿತು. ಇವುಗಳಲ್ಲಿ ಪಿಕ್ಸೆಲ್ 0.02ರಿಂದ 0.05 ಮಿ.ಮೀ., ಪದರವೂ ಹೆಚ್ಚುಕಡಿಮೆ ಅಷ್ಟೇ. ಮೂರು ನಳಿಗೆಯ ಬಂದೂಕು, ಅದರ ಆಸನ, ಗುರಿಕಣ್ಣು, ಮದ್ದುಗುಂಡಿನ ಪೆಟ್ಟಿಗೆ, ಎಲ್ಲ ಒಂದೇ ತುಂಡಾಗಿ ಹೊರಬರುತ್ತದೆ. ಮೊದಲು ಇದಕ್ಕೆ ಐದಾರು ಎಚ್ಚಿಂಗ್ ತುಂಡುಗಳನ್ನು ಚಿಮಟದಲ್ಲಿ ಹಿಡಿದು ಮಡಚಿ ಅಂಟಿಸಬೇಕಿತ್ತು, ಅದರಲ್ಲಿ ಒಂದು ನೆಲಕ್ಕೆ ಹಾರಿ ಮಾಯವಾಗಲೇಬೇಕಿತ್ತು.

ಆದರೆ ಇಲ್ಲೊಂದು ಹಳ್ಳ ಇದೆ. 1/350 ಪ್ರಮಾಣದ ಮಾದರಿಗೆ ಕಂಪ್ಯೂಟರಿನಲ್ಲಿ ನಿಜ ಗಾತ್ರಕ್ಕೆ ಚಿತ್ರ ಬರೆದು 350ರಿಂದ ಭಾಗಿಸಿದರೆ ಆಯಿತು ಎಂದುಕೊಳ್ಳುತ್ತಾರೆ. ಬಂದೂಕಿನ ಸುತ್ತಲಿನ ರಕ್ಷಣಾ ತಗಡು 10 ಮಿ.ಮೀ. ಇದ್ದರೆ 1/350ರಲ್ಲಿ 0.03 ಮಿ.ಮೀ. ಆಗುತ್ತದೆ. ಅದು ಪ್ರಿಂಟ್ ಆಗುವುದಿಲ್ಲ, ಒಂದು ವೇಳೆ ಪ್ರಿಂಟ್ ಆದರೂ ನಿಲ್ಲುವುದಿಲ್ಲ. ನಂಬಿ ಮಾಡಬಹುದಾದ ಗೋಡೆ 0.2 ಮಿ.ಮೀ. ಅಂತಿಟ್ಟುಕೊಂಡರೆ 1/350ರಲ್ಲಿ ಅದು 70 ಮಿ.ಮೀ., 1/700ರಲ್ಲಿ 140 ಮಿ.ಮೀ. ಎರಡನೇ ಮಹಾಯುದ್ಧದ ಎಷ್ಟೋ ಕ್ರೂಸರ್‌ಗಳ (ಮಧ್ಯಮ ಗಾತ್ರದ ಯುದ್ಧನೌಕೆಗಳ) ಪಕ್ಕದ ಉಕ್ಕಿನ ಕವಚವೇ ಅಷ್ಟು ದಪ್ಪ ಇರಲಿಲ್ಲ! ಇಲ್ಲಿ ಸುಳ್ಳು ಹೇಳುವ ಒಂದು ಸೊಗಸಾದ ದಾರಿಯಿದೆ. ಗೋಡೆಯ ಬುಡವನ್ನು ದಪ್ಪವಾಗಿ ಬಿಡಿ, ಮೇಲಂಚನ್ನು ಒಳಗಿನಿಂದ ಇಳಿಜಾರಾಗಿ ಸವರಿ ತೆಳು ಮಾಡಿ. ನೋಡುವವರ ಕಣ್ಣಿಗೆ ಬೀಳುವುದು ಅಂಚು ಮಾತ್ರ. ಬುಡ ಎಷ್ಟು ದಪ್ಪ ಎಂದು ಯಾರೂ ಬಗ್ಗಿ ನೋಡುವುದಿಲ್ಲ.

ಪ್ರಿಂಟರಿನ ತಪ್ಪಿನ ದಿಕ್ಕು ಆಸಿಡ್‌ಗೆ ವಿರುದ್ಧ ಎಂದೆನಲ್ಲ. ಬೆಳಕು ಪಿಕ್ಸೆಲ್ಲಿನ ಗಡಿ ಮೀರಿ ಸ್ವಲ್ಪ ಹರಡುತ್ತದೆ, ತೂತಿನೊಳಗೆ ನಿಂತ ರೆಸಿನ್ ಕೂಡ ಗಟ್ಟಿಯಾಗುತ್ತದೆ. 0.66 ಮಿ.ಮೀ. ಫಿರಂಗಿ ಬಾಯಿ ಬೇಕಿದ್ದರೆ ಅದಕ್ಕಿಂತ ದೊಡ್ಡದು ಬರೆಯಬೇಕು, ಇಲ್ಲವೇ ಡ್ರಿಲ್ ಕೂರಲು ಒಂದು ಕುಳಿ ಮಾತ್ರ ಬಿಟ್ಟು ಆಮೇಲೆ ಕೊರೆಯಬೇಕು. ಮಲಗಿಸಿ ಮುದ್ರಿಸಿದ ನಳಿಗೆಯ ಮೇಲೆ ಮೆಟ್ಟಿಲು ಮೆಟ್ಟಿಲು ಕಾಣುತ್ತದೆ. ನಿಲ್ಲಿಸಿದರೆ ದುಂಡಗಿರುತ್ತದೆ, ಪದರಗಳು ಉಂಗುರಗಳಾಗಿ ಉಳಿದರೂ ಬಣ್ಣದ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಆಸರೆ ಕಡ್ಡಿಗಳು ಹತ್ತುವ ಮುಖ ಡೆಕ್ಕಿಗೆ ಅಂಟುವ ಮುಖವೇ ಆಗಿರಲಿ. ರೆಸಿನ್ ಮುಟ್ಟುವಾಗ ಕೈಗವಸು ಕಡ್ಡಾಯ: ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ, ಒಮ್ಮೆ ಅಂಟಿದ ಅಲರ್ಜಿ ಹೋಗುವುದು ಕಷ್ಟ.

ಕಂಬಿಸಾಲನ್ನು ಮಾತ್ರ ನಾನು ಪ್ರಿಂಟ್ ಮಾಡುವುದಿಲ್ಲ. ಮಾಡಿದವರ ಕೆಲಸ ನೋಡಿದ್ದೇನೆ, ಹೊಸತಿದ್ದಾಗ ಅದ್ಭುತ. ಆದರೆ ಅಷ್ಟು ತೆಳು ರೆಸಿನ್ ಪೆಡಸು. ಹಿತ್ತಾಳೆ ಬಾಗಿದರೆ ನೆಟ್ಟಗೆ ಮಾಡಬಹುದು, ಇದು ಮುರಿಯುತ್ತದೆ.

ಎರಕದ ಬಗ್ಗೆ ಎರಡೇ ಮಾತು. ಒಂದೇ ಭಾಗ ಹತ್ತಾರು ಬೇಕಿದ್ದಾಗ, ಕೈಯಲ್ಲಿ ಒಂದನ್ನು ಚೆನ್ನಾಗಿ ಮಾಡಿ ಸಿಲಿಕೋನ್ ಅಚ್ಚು ತೆಗೆದು ರೆಸಿನ್ ಸುರಿಯುವುದು ಇಂದಿಗೂ ಒಳ್ಳೆಯ ದಾರಿ. ತವರದ ರಾಸಾಯನಿಕದಿಂದ ಗಟ್ಟಿಯಾಗುವ ಸಿಲಿಕೋನ್ ಕಾಲಕ್ರಮೇಣ ತುಸು ಕುಗ್ಗುತ್ತದೆ. ಪ್ಲಾಟಿನಂ ಬಗೆಯದು ಕುಗ್ಗುವುದು ತೀರಾ ಕಡಿಮೆ, ಆದರೆ ಗಂಧಕವಿರುವ ಮಾಡೆಲಿಂಗ್ ಜೇಡಿ ತಾಕಿದರೆ ಗಟ್ಟಿಯೇ ಆಗುವುದಿಲ್ಲ.

ಇಷ್ಟೆಲ್ಲ ಕೌಶಲ ಇದ್ದೂ ಭಾಗವೇ ತಪ್ಪಾಗಿರಬಹುದು. ಯಮಾಟೊಗೇ ಮರಳೋಣ. ಅದರ ಕಾಗದಪತ್ರಗಳಲ್ಲಿ ಬಹುಪಾಲು 1945ರಲ್ಲಿ ಯುದ್ಧ ಮುಗಿಯುವಾಗ ಸುಟ್ಟುಹೋದವು. ಮೂತಿಯ ಮೇಲಿದ್ದ ಸೇವಂತಿಗೆ ಲಾಂಛನದ ಅಡ್ಡಳತೆ ಒಂದೂವರೆ ಮೀಟರ್ ಎಂದು ಮಾದರಿಕಾರರು ಬಹುಕಾಲ ನಂಬಿದ್ದರು. 1999ರಲ್ಲಿ ಸಮುದ್ರತಳದ ಅವಶೇಷವನ್ನು ಪರಿಶೀಲಿಸಿದಾಗ ಅದು ಒಂದು ಮೀಟರ್ ಎಂದು ಗೊತ್ತಾಯಿತು. 1/350ರಲ್ಲಿ 4.3 ಮಿ.ಮೀ. ಇದ್ದದ್ದು 2.9ಕ್ಕೆ ಇಳಿಯಿತು. ಇದು ಬರಿಗಣ್ಣಿಗೆ ಢಾಳಾಗಿ ಕಾಣುವ ತಪ್ಪು. ಮೈಕ್ರಾನ್ ಲೆಕ್ಕದಲ್ಲಿ ಪ್ರಿಂಟ್ ಮಾಡಿದರೂ ಪ್ರಯೋಜನವಿಲ್ಲ.

ಹಡಗು ಉಳಿದಿದ್ದರೆ ಎಲ್ಲ ಸಲೀಸು ಎಂದುಕೊಳ್ಳಬೇಡಿ. ಲಂಡನ್ನಿನ ಥೇಮ್ಸ್ ನದಿಯಲ್ಲಿ ಎಚ್‌ಎಂಎಸ್ ಬೆಲ್‌ಫಾಸ್ಟ್ ಕ್ರೂಸರ್ ನಿಂತಿದೆ, ಹೋಗಿ ಅಳೆಯಬಹುದು, ಫೋಟೋ ತೆಗೆಯಬಹುದು. ಆದರೆ 1950ರ ದಶಕದ ಕೊನೆಯಲ್ಲಿ ಅದನ್ನು ದೊಡ್ಡದಾಗಿ ನವೀಕರಿಸಿದರು, ಹಳೆಯ ಮುಕ್ಕಾಲಿ ಮಸ್ತುಗಳು ಹೋಗಿ ಜಾಲರಿ ಮಸ್ತುಗಳು ಬಂದವು. 1943ರಲ್ಲಿ ಜರ್ಮನಿಯ ಶಾರ್ನ್‌ಹಾರ್ಸ್ಟ್ ಯುದ್ಧನೌಕೆಯ ವಿರುದ್ಧ ಕಾದಿದ ಬೆಲ್‌ಫಾಸ್ಟ್ ಮಾಡಲು ಹೊರಟವರು ಇವತ್ತಿನ ಫೋಟೋ ನೋಡಿ ಮಸ್ತು ಎಚ್ಚಿಂಗ್ ಮಾಡಿದರೆ ಕೆಟ್ಟಿತು. ಯಮಾಟೊ ಕೂಡ 1941ರಲ್ಲಿ 15.5 ಸೆಂ.ಮೀ. ಫಿರಂಗಿಗಳ ನಾಲ್ಕು ಟರೆಟ್ ಹೊತ್ತಿತ್ತು, 1945ರಲ್ಲಿ ಮುಳುಗುವಾಗ ಎರಡೇ ಇದ್ದವು. ಅದಕ್ಕೇ ಮೊದಲು ತಾರೀಖು ನಿಗದಿಮಾಡಿ, ಆಮೇಲೆ ಚಿತ್ರಕ್ಕೆ ಕೈ ಹಾಕಿ. ಒಡಲಿನ ಆಕಾರವೇ ತಪ್ಪಿರುವ ಕಿಟ್‌ಗೆ ಕಂತೆಗಟ್ಟಲೆ ಹಿತ್ತಾಳೆ ಅಂಟಿಸುವವರನ್ನು ಕಂಡರೆ ನನಗೆ ನೆನಪಾಗುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ.

ಕೂಡಿಸುವ ಹಂತದಲ್ಲಿ ಎಲ್ಲ ಶ್ರಮವನ್ನು ಹಾಳುಮಾಡುವುದು ಅಂಟು ಮತ್ತು ಬಣ್ಣ. ಕಂಬಿಯ ಎರಡೂ ಬದಿಗೆ ಬಣ್ಣ ಕೂರುತ್ತದೆ, ಕುಂಚದ ದಪ್ಪ ಲೇಪ ಹಗ್ಗಗಳ ನಡುವಿನ ಜಾಗವನ್ನೇ ತಿನ್ನುತ್ತದೆ. ಏರ್‌ಬ್ರಶ್‌ನಲ್ಲಿ ತೆಳುವಾಗಿ, ಹಾಳೆಯಲ್ಲಿ ಇರುವಾಗಲೇ ಬಣ್ಣ ಹಚ್ಚಿ, ಆಮೇಲೆ ಕತ್ತರಿಸಿ. ಕತ್ತರಿಸುವುದು ಗಾಜಿನಂಥ ಗಟ್ಟಿ ಮೇಲ್ಮೈ ಮೇಲೆ. ಮೆತ್ತನೆಯ ಮ್ಯಾಟ್ ಮೇಲಿಟ್ಟರೆ ಬ್ಲೇಡ್ ಒತ್ತಿದಾಗ ಕಂಬಿ ಕೆಳಕ್ಕೆ ಬಾಗುತ್ತದೆ. ಸೂಪರ್ ಗ್ಲೂವನ್ನು ಸೂಜಿಯ ತುದಿಯಲ್ಲಿ ಮುಟ್ಟಿಸಿದರೆ ಸಂದಿನಲ್ಲಿ ತಾನೇ ಹರಿಯುತ್ತದೆ. ಉದ್ದದ ಕಂಬಿಸಾಲಿಗೆ ಬಿಳಿ ಫೆವಿಕಾಲ್ ಬಗೆಯ ಅಂಟು ವಾಸಿ, ಒಣಗುವ ಮೊದಲು ಸರಿಪಡಿಸಲು ಸಮಯ ಸಿಗುತ್ತದೆ.

ಆಂಟೆನಾ ತಂತಿಗೆ ಹಳೆಯ ಉಪಾಯವೇ ನನಗೆ ಇಷ್ಟ. ಕಿಟ್‌ನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಿನ ತುಂಡನ್ನು ಉರಿಯ ಮೇಲೆ ತಿರುಗಿಸುತ್ತ ಮೆತ್ತಗಾದಾಗ ಹೊರತೆಗೆದು ಎರಡೂ ತುದಿ ಎಳೆದರೆ ಕೂದಲಿಗಿಂತ ಸಣ್ಣ ಎಳೆ ಬರುತ್ತದೆ. ಅಂಟಿಸಿದ ಮೇಲೆ ಸಡಿಲವಾಗಿದ್ದರೆ ಕೆಂಡವಾದ ಊದುಬತ್ತಿಯ ತುದಿಯನ್ನು ಹತ್ತಿರ ತನ್ನಿ, ತಾಗಿಸಬೇಡಿ. ಎಳೆ ಬಿಗಿದುಕೊಳ್ಳುತ್ತದೆ. ಈಗ ಸಿಗುವ ಲೈಕ್ರಾ ದಾರ ಕೈ ತಗುಲಿದರೂ ಹಿಗ್ಗಿ ಮತ್ತೆ ಬಿಗಿಯಾಗುತ್ತದೆ, ಅವಸರದವರಿಗೆ ಅದೇ ಸರಿ.

ಪ್ರಶ್ನೆಗಳು ಕೆಲವು.

ಹೊಸಬರು ಯಾವ ಪ್ರಮಾಣದಿಂದ ಶುರುಮಾಡಬೇಕು ಎಂದು ಒಬ್ಬರು ಕೇಳಿದರು. ಭಾಗ ಮಾಡುವ ಆಸೆಯಿದ್ದರೆ 1/350. ಕಂಬಿಸಾಲು ಮೂರು ಮಿಲಿಮೀಟರಿನಷ್ಟು ಎತ್ತರ ಇರುತ್ತದೆ, ಚಿಮಟಕ್ಕೆ ಹಿಡಿತ ಸಿಗುತ್ತದೆ. ಜಾಗವಿಲ್ಲದಿದ್ದರೆ ಅದೇ ಪ್ರಮಾಣದ ಡೆಸ್ಟ್ರಾಯರ್‌ನಂಥ ಸಣ್ಣ ಯುದ್ಧನೌಕೆ ಮಾಡಿ.

ಇನ್ನೊಬ್ಬರು: "ಸರ್, ಎಲ್ಲ ಭಾಗಗಳೂ ರೆಡಿಮೇಡ್ ಸಿಗುವಾಗ ನಾವೇ ಯಾಕೆ ಮಾಡಬೇಕು?" ಸಿಗುವುದನ್ನು ಕೊಂಡುಕೊಳ್ಳಿ, ನಾನೂ ಕೊಳ್ಳುತ್ತೇನೆ. ಸಿಗುವುದು ಪ್ರಸಿದ್ಧ ಹಡಗುಗಳ ಪ್ರಸಿದ್ಧ ವರ್ಷದ್ದು. ಕಾವಲು ದೋಣಿ, ಸಮುದ್ರದಲ್ಲಿಟ್ಟ ಸಿಡಿಮದ್ದು (ಮೈನ್) ತೆಗೆಯುವ ಹಡಗು, ಇಂಥವಕ್ಕೆ ಹೋದರೆ ನಮ್ಮ ಚಿತ್ರ ನಾವೇ ಬರೆಯಬೇಕು.

ಕೊನೆಯದು, ಧೂಳಿನ ಪ್ರಶ್ನೆ. ಮುಚ್ಚಿದ ಪೆಟ್ಟಿಗೆ ಬೇಕೇ ಬೇಕು, ಕಂಬಿಸಾಲಿನ ಧೂಳು ಒರೆಸಲು ಬರುವುದಿಲ್ಲ. ಆದರೆ ಪೆಟ್ಟಿಗೆ ಯಾವುದರದ್ದು ಎಂದು ನೋಡಿ. ಓಕ್‌ನಂಥ ಕೆಲವು ಮರಗಳು, ಪ್ಲೈವುಡ್, ಕೆಲವು ಅಂಟುಗಳು ಆಮ್ಲದ ಆವಿ ಬಿಡುತ್ತವೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಆ ಆವಿ ಸೇರಿಕೊಂಡು ಸೀಸದ ಭಾಗಗಳನ್ನು ಬಿಳಿ ಪುಡಿಯಾಗಿ ಉದುರಿಸುತ್ತದೆ. ಸಂಗ್ರಹಾಲಯಗಳ ಹಳೆಯ ಮಾದರಿಗಳಲ್ಲಿ ಲಂಗರು, ಫಿರಂಗಿ, ದೋಣಿ ಎತ್ತುವ ಕೊಕ್ಕೆಗಳು ಹೀಗೆಯೇ ಹಾಳಾಗಿವೆ, ಮೇಲೆ ಬಣ್ಣವಿದ್ದರೂ ತಡೆದಿಲ್ಲ. ಕ್ಯಾನ್ವಾಸ್ ಹೊದಿಕೆಗೆ ಸೀಸದ ಹಾಳೆ ಬಳಸುವ ರೂಢಿ ನಮ್ಮಲ್ಲಿ ಇನ್ನೂ ಇದೆ, ಅದನ್ನು ಬಿಟ್ಟು ತೆಳು ಅಲ್ಯೂಮಿನಿಯಂ ಹಾಳೆ ಅಥವಾ ಅಂಟಿನಲ್ಲಿ ನೆನೆಸಿದ ಟಿಶ್ಯೂ ಕಾಗದ ಬಳಸಿ. ಪೆಟ್ಟಿಗೆಗೆ ಅಕ್ರಿಲಿಕ್ ಅಥವಾ ಗಾಜು ಹಾಕಿ, ತಳದಲ್ಲಿ ಗಾಳಿಯಾಡಲು ಬಟ್ಟೆ ಮುಚ್ಚಿದ ಒಂದೆರಡು ಸಣ್ಣ ತೂತು ಬಿಡಿ.